ನಿಂತ ಹೃದಯಕ್ಕೆ ಎರಡು ಕೈ!

ಚನ್ನಪಟ್ಟಣದವರೇ, ಇದನ್ನು ಮೊದಲು ನಿಮಗೇ ಹೇಳಬೇಕು. ನಿಂತುಹೋದ ಹೃದಯವನ್ನು ಎದೆಯ ಮೇಲಿಂದಲೇ ಒತ್ತಿ ಮನುಷ್ಯನನ್ನು ಉಳಿಸುವ ವಿದ್ಯೆ ಕಲಿತವರು ಇವತ್ತು ಲೋಕದಲ್ಲಿ ಕೋಟ್ಯಂತರ ಮಂದಿ ಇದ್ದಾರೆ. ಅವರು ಯಾವುದರ ಮೇಲೆ ಕೈಯೂರಿ ಕಲಿತರು ಗೊತ್ತೇ? ಒಂದು ಗೊಂಬೆಯ ಮೇಲೆ. ಆ ಗೊಂಬೆಯನ್ನು ಮಾಡಿದವನು ಡಾಕ್ಟರಲ್ಲ, ವಿಜ್ಞಾನಿಯಲ್ಲ, ಮಕ್ಕಳ ಆಟಿಕೆ ಮಾಡಿ ಮಾರುತ್ತಿದ್ದವನು!

ನಾರ್ವೆ ದೇಶದ ಕಡಲದಂಡೆಯಲ್ಲಿ ಸ್ಟಾವಂಗರ್ ಎಂಬ ಊರು. 1940ರಲ್ಲಿ ಆಸ್ಮುಂಡ್ ಲೇರ್ದಾಲ್ ಎಂಬಾತ ಅಲ್ಲಿ ಶುಭಾಶಯ ಪತ್ರ, ಮಕ್ಕಳ ಪುಸ್ತಕ ಅಚ್ಚು ಹಾಕುವ ಪುಟ್ಟ ಕಂಪನಿ ತೆರೆದ. ಆಮೇಲೆ ಆಟಿಕೆಗೆ ಇಳಿದ. ಅದೂ ಮರದ ಆಟಿಕೆ! ಹಾಲೆ ಮರಕ್ಕೆ ಅರಗಿನ ಬಣ್ಣ ಕೊಡುವ ನಮ್ಮ ಊರಿನ ಕೈಗಳಿಗೆ ಅವನೊಬ್ಬ ದೂರದ ದಾಯಾದಿ ಎನ್ನಬಹುದು. ಯುದ್ಧ ಮುಗಿದ ಮೇಲೆ ಮೆತ್ತನೆಯ ಪ್ಲಾಸ್ಟಿಕ್ ಬಂತು. ಅದರಲ್ಲಿ ಪುಟಾಣಿ ಕಾರು ಮಾಡಿದ, 'ಆ್ಯನ್' ಎಂಬ ಗೊಂಬೆ ಮಾಡಿದ. ಅಷ್ಟರಲ್ಲಿ ಅವನ ಎರಡು ವರ್ಷದ ಮಗ ನೀರಿಗೆ ಬಿದ್ದ. ಅಪ್ಪ ಎಳೆದು ತೆಗೆದು, ಒಳಗೆ ಹೋಗಿದ್ದ ನೀರು ಹೊರಹಾಕಿಸಿ ಮಗುವನ್ನು ಉಳಿಸಿಕೊಂಡ. ಕೆಲವೇ ವರ್ಷಗಳಲ್ಲಿ ಪೀಟರ್ ಸಫರ್, ಬ್ಯೋರ್ನ್ ಲಿಂಡ್ ಎಂಬ ಅರಿವಳಿಕೆ ವೈದ್ಯರಿಂದ ಒಂದು ಬೇಡಿಕೆ ಬಂತು: ಉಸಿರು ಕೊಡುವುದನ್ನು ಕಲಿಸಲು ಮನುಷ್ಯನಷ್ಟೇ ದೊಡ್ಡ ಗೊಂಬೆ ಬೇಕು, ಮಾಡಿಕೊಡುತ್ತೀಯಾ? ಮಗನನ್ನು ನೀರಿನಿಂದ ಎತ್ತಿದ ಅಪ್ಪ ಇಲ್ಲ ಎಂದಾನೆಯೇ!

ಗೊಂಬೆಯ ಮುಖ ಎಲ್ಲಿಯದು ಎಂಬುದು ಇನ್ನೊಂದು ಬೆರಗು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಯಾರಿಸಿನ ಸೇನ್ ನದಿಯಲ್ಲಿ ಸಿಕ್ಕಿತೆನ್ನುವ ಅನಾಮಿಕ ಹುಡುಗಿಯ ಮುಖದ ಅಚ್ಚು ಅದು. ತುಟಿಯಂಚಿನಲ್ಲಿ ನಸುನಗು ಇದ್ದ ಆ ಮುಖವಾಡವನ್ನು ಯುರೋಪಿನ ಜನ ಮನೆ ಗೋಡೆಗೆ ನೇತುಹಾಕಿಕೊಳ್ಳುತ್ತಿದ್ದರು. ಲೇರ್ದಾಲ್ ಅದನ್ನೇ ತನ್ನ ಗೊಂಬೆಗೆ ಇಟ್ಟ. 1960ರಲ್ಲಿ 'ರೆಸಸಿ ಆ್ಯನ್' ಹೊರಬಂತು. ಸತ್ತವಳ ಮುಖ, ಬದುಕಿಸುವುದನ್ನು ಕಲಿಸಲು!

ಅದೇ 1960. ನೆನಪಿಟ್ಟುಕೊಳ್ಳಿ, ಆ ವರ್ಷಕ್ಕೆ ಮತ್ತೆ ಬರಬೇಕು.

ಅದಕ್ಕೆ ಮುಂಚೆ ಎದೆಯೊಳಗೆ ಏನಾಗುತ್ತದೆ ನೋಡೋಣ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಒಂದೊಂದು ಬಡಿತಕ್ಕೂ ಅದರದೇ ಒಳಗಿನ ಸಣ್ಣ ಗಂಟೊಂದರಿಂದ ವಿದ್ಯುತ್ತಿನ ಅಪ್ಪಣೆ ಹೊರಡುತ್ತದೆ. ಕೋಟಿ ಕೋಟಿ ಜೀವಕೋಶ ಒಟ್ಟಿಗೆ ಹಿಂಡುತ್ತವೆ, ಒಟ್ಟಿಗೆ ಸಡಿಲುತ್ತವೆ. ಆ ಅಪ್ಪಣೆ ಒಮ್ಮೆ ಹಾದಿ ತಪ್ಪಿತೋ, ಒಂದೊಂದು ಎಳೆಯೂ ತನಗೆ ತೋಚಿದಂತೆ ಅದುರತೊಡಗುತ್ತದೆ. ಎದೆ ತೆರೆದು ಅಂಥ ಹೃದಯವನ್ನು ಕಣ್ಣಾರೆ ಕಂಡ ಶಸ್ತ್ರವೈದ್ಯರು ಹುಳು ತುಂಬಿದ ಚೀಲದ ಹಾಗಿತ್ತು ಎನ್ನುತ್ತಾರೆ. ರಾಮನಗರ, ಕನಕಪುರದ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕೇ? ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳುವಿನ ತಟ್ಟೆ ನೋಡಿ: ಇಡೀ ತಟ್ಟೆ ಅಲ್ಲಾಡುತ್ತದೆ, ಒಂದು ಹುಳುವಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ, ತಟ್ಟೆ ಇದ್ದಲ್ಲೇ ಇರುತ್ತದೆ. ಹೃದಯವೂ ಹಾಗೇ. ಕುದಿಯುವಷ್ಟು ಚಲನೆ, ಆದರೆ ಒಂದು ಹನಿ ರಕ್ತ ಮುಂದಕ್ಕೆ ಹೋಗುವುದಿಲ್ಲ. ಮನುಷ್ಯ ಮಾತಿನ ನಡುವೆ, ಊಟದ ನಡುವೆ, ನಡೆಯುತ್ತಿದ್ದ ಹಾಗೆಯೇ ಕುಸಿಯುತ್ತಾನೆ.

ಹೃದಯಾಘಾತ ಬೇರೆ, ಈ ಹೃದಯ ಸ್ತಂಭನ ಬೇರೆ. ಹೃದಯಾಘಾತದಲ್ಲಿ ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಳ್ಳುತ್ತದೆ. ಆ ಮನುಷ್ಯ ನೋವು ಎನ್ನುತ್ತಾನೆ, ಬೆವರುತ್ತಾನೆ, ಮಾತಾಡುತ್ತಾನೆ. ಹೃದಯ ಸ್ತಂಭನದಲ್ಲಿ ಮಾತಿಲ್ಲ, ನಾಡಿಯಿಲ್ಲ, ಸರಿಯಾದ ಉಸಿರಿಲ್ಲ. ಮೊದಲನೆಯದು ಎಷ್ಟೋ ಸಲ ಎರಡನೆಯದಕ್ಕೆ ದಾರಿ ಮಾಡುತ್ತದೆ. ಎರಡಕ್ಕೂ ಮಾಡಬೇಕಾದ್ದು ಮಾತ್ರ ಪೂರ್ತಿ ಬೇರೆ. ನಮ್ಮ ಕಡೆ ಜೀವ ಹೋಗುವುದು ಬಹಳ ಸಲ ಈ ಗೊಂದಲದಲ್ಲೇ.

ಕುಸಿದ ಕ್ಷಣದಿಂದ ಮಿದುಳಿಗೆ ಗಡಿಯಾರ ಶುರು. ನಾಲ್ಕರಿಂದ ಆರು ನಿಮಿಷಕ್ಕೆ ಮಿದುಳಿನ ಜೀವಕೋಶ ಸಾಯಲು ತೊಡಗುತ್ತವೆ. ಯಾರೂ ಏನೂ ಮಾಡದಿದ್ದರೆ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇ 7ರಿಂದ 10ರಷ್ಟು ಕರಗುತ್ತದೆ. ಹತ್ತು ನಿಮಿಷದ ಲೆಕ್ಕ ನೀವೇ ಹಾಕಿ.

ಈಗ 1960ಕ್ಕೆ ಬರೋಣ. ಅಮೆರಿಕದ ಬಾಲ್ಟಿಮೋರ್, ಜಾನ್ಸ್ ಹಾಪ್ಕಿನ್ಸ್. ವಿಲಿಯಂ ಕೌವೆನ್‌ಹೋವೆನ್ ಎಂಬ ಹಿರಿಯರೊಬ್ಬರು ಅಲ್ಲಿದ್ದರು, ಎಲೆಕ್ಟ್ರಿಕಲ್ ಎಂಜಿನಿಯರ್! ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗಳು ಶಾಕ್ ಹೊಡೆದು ಸಾಯುತ್ತಿದ್ದರು. ಅವರನ್ನು ಉಳಿಸುವುದು ಹೇಗೆ ಎಂದು ಹುಡುಕಿಕೊಡಲು ವಿದ್ಯುತ್ ಕಂಪನಿಗಳು ಹಣ ಕೊಟ್ಟಿದ್ದವು. ಹೃದಯವನ್ನು ಅದುರಿಸುವ ವಿದ್ಯುತ್ತೇ ಆ ಅದುರುವಿಕೆಯನ್ನು ನಿಲ್ಲಿಸಲೂಬಲ್ಲದು ಎಂಬುದು ಆಗಲೇ ಗೊತ್ತಿತ್ತು. ನಾಯಿಗಳ ಮೇಲೆ ಪ್ರಯೋಗ ನಡೆಯುತ್ತಿದ್ದಾಗ ಅವರ ವಿದ್ಯಾರ್ಥಿ ಗೈ ನಿಕರ್‌ಬಾಕರ್ ಒಂದು ವಿಚಿತ್ರ ಗಮನಿಸಿದ. ಶಾಕ್ ಕೊಡುವ ಭಾರದ ಪ್ಯಾಡಲ್‌ಗಳನ್ನು ಎದೆಗೆ ಒತ್ತಿ ಹಿಡಿದಾಗ, ಶಾಕ್ ಕೊಡುವ ಮೊದಲೇ, ರಕ್ತದೊತ್ತಡದ ಮುಳ್ಳು ಕೊಂಚ ಮೇಲೇಳುತ್ತಿತ್ತು! ವಿದ್ಯುತ್ ಇಲ್ಲ, ಔಷಧಿ ಇಲ್ಲ, ಬರೀ ಭಾರ. ಹಾಗಾದರೆ ಒತ್ತುತ್ತಲೇ ಇದ್ದರೆ? ಒತ್ತಿದರು. ರಕ್ತ ಹರಿಯಿತು. ಶಸ್ತ್ರವೈದ್ಯ ಜೇಮ್ಸ್ ಜೂಡ್ ಅದನ್ನು ಮನುಷ್ಯರ ಮೇಲೆ ಮಾಡಿ ನೋಡಿದರು. 1960ರ ಜುಲೈನಲ್ಲಿ ಮೂವರೂ ಸೇರಿ ಪ್ರಕಟಿಸಿದ ಲೇಖನದಲ್ಲಿ 20 ರೋಗಿಗಳ ವಿವರ ಇತ್ತು. ಅವರಲ್ಲಿ 14 ಮಂದಿ ಬದುಕಿದ್ದರು. ಅಲ್ಲಿಯವರೆಗೆ ನಿಂತ ಹೃದಯವನ್ನು ಹಿಂಡಬೇಕಾದರೆ ಎದೆ ಸೀಳಿ ಒಳಗೆ ಕೈ ಹಾಕಬೇಕಿತ್ತು. ಇನ್ನು ಮೇಲೆ ಯಾರೇ ಆಗಲಿ, ಎಲ್ಲೇ ಆಗಲಿ, ಎರಡು ಕೈ ಇದ್ದರೆ ಸಾಕು ಎಂದು ಅವರು ಧೈರ್ಯವಾಗಿ ಬರೆದರು.

ಎದೆ ಒತ್ತುವುದರಿಂದ ಹೃದಯ ಮಾಮೂಲಿನಂತೆ ಶುರುವಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಚೆನ್ನಾಗಿ ಒತ್ತಿದರೂ ಮಾಮೂಲಿ ರಕ್ತಸಂಚಾರದ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಸಿಗುತ್ತದೆ. ಅಷ್ಟೇ! ಆದರೆ ಆ ಕಾಲು ಭಾಗ ಮಿದುಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಶಾಕ್ ಕೊಡುವ ಯಂತ್ರ ಬರುವವರೆಗೆ ಹೃದಯವನ್ನು ಸಿದ್ಧವಾಗಿ ಇಟ್ಟಿರುತ್ತದೆ. ಒತ್ತುವವನು ಆ ಹೊತ್ತಿಗೆ ಇನ್ನೊಬ್ಬನ ಹೃದಯವಾಗಿರುತ್ತಾನೆ. ಬರೆಯುತ್ತಿರುವಾಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ನಮ್ಮ ನಾಲ್ಕು ಊರುಗಳ ನಕ್ಷೆ ಹರಡಿ. ರಾಮನಗರದಿಂದ ಬೆಂಗಳೂರಿಗೆ ಸುಮಾರು 50 ಕಿಲೋಮೀಟರ್. ಚನ್ನಪಟ್ಟಣದಿಂದ ಇನ್ನೂ ಹತ್ತು ಜಾಸ್ತಿ. ಕನಕಪುರ, ಮಾಗಡಿ ಕೂಡ ಹೆಚ್ಚು ಕಡಿಮೆ ಅಷ್ಟೇ ದೂರ. ಈ ನಾಲ್ಕೂ ಸೇರಿದ ರಾಮನಗರ 2007ರಲ್ಲಿ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರೂ ಬದಲಾಯಿತು. ಹೆಸರಿನಲ್ಲಿ ಬೆಂಗಳೂರು ಬಂತೆಂದು ದೂರ ಒಂದು ಗಜವೂ ಕಡಿಮೆಯಾಗಲಿಲ್ಲ ಬಿಡಿ. 2023ರ ಮಾರ್ಚ್‌ನಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಗಂಟೆಗೆ 100 ಕಿಲೋಮೀಟರ್ ವೇಗದ ಮಿತಿ. ಒಂದು ಕ್ಷಣವೂ ನಿಲ್ಲದೆ ಆ ವೇಗದಲ್ಲೇ ಓಡಿಸಿದರೂ ರಾಮನಗರದಿಂದ ಬೆಂಗಳೂರಿಗೆ ಅರ್ಧ ಗಂಟೆ. ಆಮೇಲೆ ಕೆಂಗೇರಿ ಇದೆ, ನಾಯಂಡಹಳ್ಳಿ ಇದೆ! ಕನಕಪುರದವರಿಗೆ ಕಗ್ಗಲೀಪುರ, ತಲಘಟ್ಟಪುರ; ಮಾಗಡಿಯವರಿಗೆ ತಾವರೆಕೆರೆ, ಸುಂಕದಕಟ್ಟೆ. ನಿಮಿಷಕ್ಕೆ ಶೇ 10 ಕರಗುವ ಜೀವಕ್ಕೆ ಅರ್ಧ ಗಂಟೆಯೇ? ಹತ್ತು ಪಥದ ರಸ್ತೆಯನ್ನು ಇಪ್ಪತ್ತು ಪಥ ಮಾಡಿದರೂ ಈ ಲೆಕ್ಕ ಸರಿಹೋಗದು.

ಆದರೂ ನಾವು ಮಾಡುವುದೇನು? "ಎತ್ರೋ, ಎತ್ರೋ! ಕಾರ್ ತಗೊಂಬಾರೋ!" ನಾಲ್ಕು ಜನ ಕೈಕಾಲು ಹಿಡಿದು ಹಿಂದಿನ ಸೀಟಿಗೆ ತುರುಕುತ್ತೇವೆ, ತಲೆಯನ್ನು ಯಾರದೋ ತೊಡೆಯ ಮೇಲೆ ಇಡುತ್ತೇವೆ, ಹಾರ್ನ್ ಹೊಡೆದುಕೊಂಡು ಹೊರಡುತ್ತೇವೆ. ಪ್ರೀತಿಯಿಂದಲೇ ಮಾಡುತ್ತೇವೆ. ಆದರೆ ಮೆತ್ತನೆಯ ಸೀಟಿನ ಮೇಲೆ, ಓಡುವ ಕಾರಿನಲ್ಲಿ ಎದೆ ಒತ್ತಲಾಗದು. ಹೃದಯ ನಿಂತವರಿಗೆ ಬೇಕಾದ್ದು ಗಟ್ಟಿ ನೆಲ. ಬಿದ್ದ ಜಾಗವೇ ಅವರ ಮೊದಲ ಆಸ್ಪತ್ರೆ.

ಹೇಗೆ ಮಾಡುವುದು? ಭುಜ ತಟ್ಟಿ, ಜೋರಾಗಿ ಕೂಗಿ. ಓಗೊಡುತ್ತಿಲ್ಲವೇ? ಎದೆ ಏರಿಳಿಯುತ್ತಿದೆಯೇ ನೋಡಿ, ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ಇಲ್ಲೊಂದು ಮೋಸ ಇದೆ. ಹೃದಯ ನಿಂತ ಮೇಲೂ ಕೆಲವರು ಮೀನು ಬಾಯಿಬಿಟ್ಟಂತೆ ಆಗೊಮ್ಮೆ ಈಗೊಮ್ಮೆ ಗೊರಗೊರ ಸದ್ದು ಮಾಡುತ್ತಾ ಗಾಳಿ ಎಳೆಯುತ್ತಾರೆ. "ಉಸಿರಾಡ್ತವ್ರೆ, ಏನಾಗಲ್ಲ" ಎಂದು ಸುತ್ತ ನಿಂತವರು ಸಮಾಧಾನಪಟ್ಟುಕೊಳ್ಳುತ್ತಾರೆ. ಅದು ಉಸಿರಲ್ಲ! ಕೆಲವರಿಗೆ ಬಿದ್ದ ಕೂಡಲೇ ಕೈಕಾಲು ಸೆಳೆಯುತ್ತದೆ. ಫಿಟ್ಸ್ ಎಂದುಕೊಂಡು ಕೈಗೆ ಬೀಗದ ಕೈ ಹಿಡಿಸುತ್ತಾರೆ, ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ, ಬಾಯಿಗೆ ನೀರು ಹಾಕುತ್ತಾರೆ. ಯಾವುದೂ ಬೇಡ. ಒಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಿ ಸ್ಪೀಕರ್ ಹಾಕಲಿ. ನೀವು ಪಕ್ಕದಲ್ಲಿ ಮಂಡಿಯೂರಿ, ಎದೆಯ ನಟ್ಟನಡುವೆ, ಎದೆಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡ ಇಡಿ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚಬಾರದು. ತೋಳಿನ ಬಲಕ್ಕಿಂತ ಮೈಭಾರ ಬಿಟ್ಟು ಒತ್ತಬೇಕು: ಎರಡು ಇಂಚು, ಅಂದರೆ 5 ಸೆಂಟಿಮೀಟರ್, 6 ಮೀರದಂತೆ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು, ಏಕೆಂದರೆ ಹೃದಯಕ್ಕೆ ರಕ್ತ ವಾಪಸು ತುಂಬುವುದು ಆಗಲೇ. ನಿಮಿಷಕ್ಕೆ 100ರಿಂದ 120 ಸಲ. ಸೆಕೆಂಡಿಗೆ ಎರಡಕ್ಕೆ ಕೊಂಚ ಕಡಿಮೆ. ಒತ್ತು, ಬಿಡು. ಒತ್ತು, ಬಿಡು. ಎರಡು ನಿಮಿಷಕ್ಕೆ ಬೆವರಿಳಿದು ಕೈ ಸೋಲುತ್ತದೆ. ಆಗ ಇನ್ನೊಬ್ಬರು ಬರಲಿ, ನಡುವೆ ಬಿಡುವು ಬೇಡ. ಪಕ್ಕೆಲುಬು ಲಟಕ್ ಎಂದೀತು. ಎನ್ನಲಿ! ಮುರಿದ ಪಕ್ಕೆಲುಬು ಕೂಡಿಕೊಳ್ಳುತ್ತದೆ.

ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕಲ್ಲ ಎಂದು ಹಿಂಜರಿಯುವವರಿಗೆ ಒಳ್ಳೆಯ ಸುದ್ದಿ. ಭಾರತದ ಅರಿವಳಿಕೆ ವೈದ್ಯರ ಸಂಘ ರೂಪಿಸಿದ, 2017ರಲ್ಲಿ ಪ್ರಕಟವಾದ ಮಾರ್ಗಸೂಚಿ ಸಾಮಾನ್ಯ ಜನರಿಗೆ ಎದೆ ಒತ್ತುವುದನ್ನಷ್ಟೇ ಹೇಳುತ್ತದೆ. ಇದ್ದಕ್ಕಿದ್ದಂತೆ ಕುಸಿದ ದೊಡ್ಡವರಿಗೆ ಅಷ್ಟು ಸಾಕು. ಅವರ ರಕ್ತದಲ್ಲಿ ಮೊದಲ ಕೆಲವು ನಿಮಿಷಕ್ಕೆ ಬೇಕಾದ ಆಮ್ಲಜನಕ ಇನ್ನೂ ಉಳಿದಿರುತ್ತದೆ. ಮಂಚನಬೆಲೆಯಲ್ಲೋ ಸಂಗಮದಲ್ಲೋ ನೀರಿನಿಂದ ಎತ್ತಿದವರಿಗೆ, ಚಿಕ್ಕ ಮಕ್ಕಳಿಗೆ ಉಸಿರೂ ಮುಖ್ಯ. ಅದನ್ನು ತರಬೇತಿಯಲ್ಲೇ ಕಲಿಯಬೇಕು.

ಇನ್ನು ಆ ಪುಟ್ಟ ಪೆಟ್ಟಿಗೆಯ ಕಥೆ. ಎಇಡಿ ಎನ್ನುತ್ತಾರೆ, ತಾನಾಗಿ ಶಾಕ್ ಕೊಡುವ ಯಂತ್ರ. ಅದರ ಮೂಲ ಹುಡುಕಿದರೆ ಎಲ್ಲಿಗೆ ಹೋಗುತ್ತೇವೆ ಗೊತ್ತೇ? ಒಂದು ಕೋಳಿಗೆ! 1775ರಲ್ಲಿ ಡೆನ್ಮಾರ್ಕಿನ ಪಶುವೈದ್ಯ ಆಬಿಲ್‌ಗಾರ್ಡ್ ಕೋಳಿಯ ತಲೆಗೆ ವಿದ್ಯುತ್ ಹರಿಸಿದ. ಅದು ಸತ್ತಂತೆ ಬಿತ್ತು. ತಲೆಗೆ ಮತ್ತೆ ಹರಿಸಿದ, ಏಳಲಿಲ್ಲ. ಎದೆಗೆ ಹರಿಸಿದ. ಕೋಳಿ ಎದ್ದು ನಡೆಯಿತು! ಪಾಪದ್ದು ಒಂದು ದಿನ ಮೇವು ಮುಟ್ಟಲಿಲ್ಲವಂತೆ, ಆಮೇಲೆ ಸುಧಾರಿಸಿಕೊಂಡು ಮೊಟ್ಟೆಯನ್ನೂ ಇಟ್ಟಿತಂತೆ. ಅಲ್ಲಿಂದ 1947ಕ್ಕೆ ಹಾರಿ: ಅಮೆರಿಕದ ಶಸ್ತ್ರವೈದ್ಯ ಕ್ಲಾಡ್ ಬೆಕ್ ಆಪರೇಷನ್ ಟೇಬಲ್ ಮೇಲೆ ಹೃದಯ ನಿಂತ 14 ವರ್ಷದ ಹುಡುಗನ ಹೃದಯಕ್ಕೇ ನೇರವಾಗಿ ಶಾಕ್ ಕೊಟ್ಟು ಬದುಕಿಸಿದರು. 1965ರ ಹೊತ್ತಿಗೆ ಬೆಲ್‌ಫಾಸ್ಟಿನ ಡಾಕ್ಟರ್ ಫ್ರಾಂಕ್ ಪ್ಯಾಂಟ್ರಿಜ್ ರೋಗಿ ಆಸ್ಪತ್ರೆಗೆ ಬರುವುದನ್ನು ಕಾಯುವುದೇಕೆ ಎಂದು ಕಾರ್ ಬ್ಯಾಟರಿಗಳಿಂದ ನಡೆಯುವ ಯಂತ್ರ ಕಟ್ಟಿ ಆಂಬುಲೆನ್ಸಿಗೆ ಹೇರಿದರು. ತೂಕ 70 ಕಿಲೋ! ಕೆಲವೇ ವರ್ಷದಲ್ಲಿ ಅದನ್ನು 3 ಕಿಲೋಗೆ ಇಳಿಸಿದರು. ಇವತ್ತಿನ ಎಇಡಿಯನ್ನು ಶಾಲೆಯ ಹುಡುಗಿ ಒಂದು ಕೈಯಲ್ಲಿ ಎತ್ತುತ್ತಾಳೆ.

ಸಿನಿಮಾದವರು ಇಲ್ಲೊಂದು ತಪ್ಪು ಕಲಿಸಿಟ್ಟಿದ್ದಾರೆ. ಪರದೆಯ ಮೇಲೆ ಗೆರೆ ನೇರವಾಗುತ್ತದೆ, ಡಾಕ್ಟರ್ ಶಾಕ್ ಕೊಡುತ್ತಾರೆ, ನಾಯಕ ಎದ್ದು ಕೂರುತ್ತಾನೆ. ನಿಜದಲ್ಲಿ ಗೆರೆ ನೇರವಾದ ಹೃದಯಕ್ಕೆ ಶಾಕ್ ಕೊಡುವುದಿಲ್ಲ. ಶಾಕ್ ಬೇಕಾದ್ದು ಅಡ್ಡಾದಿಡ್ಡಿ ಅದುರುವ ಹೃದಯಕ್ಕೆ. ಅದು ಹೃದಯವನ್ನು ಶುರು ಮಾಡುವುದಿಲ್ಲ, ನಿಲ್ಲಿಸುತ್ತದೆ! ಒಂದೇ ಹೊಡೆತಕ್ಕೆ ಎಲ್ಲ ಎಳೆಗಳೂ ಸುಮ್ಮನಾಗುತ್ತವೆ. ಆ ಮೌನದಲ್ಲಿ ಹೃದಯದೊಳಗಿನ ಹಳೆಯ ಗಂಟು ತನ್ನ ಅಪ್ಪಣೆಯನ್ನು ಮತ್ತೆ ಕಳಿಸುತ್ತದೆ. ಪೆಟ್ಟಿಗೆ ತೆರೆದು ಸ್ವಿಚ್ ಹಾಕಿದರೆ ಎಇಡಿಯೇ ಮಾತಾಡುತ್ತದೆ, ಎರಡು ಪ್ಯಾಡ್ ಎಲ್ಲಿ ಅಂಟಿಸಬೇಕೆಂದು ಚಿತ್ರ ತೋರಿಸುತ್ತದೆ, ಹೃದಯದ ಲಯವನ್ನು ತಾನೇ ಓದುತ್ತದೆ. ಶಾಕ್ ಬೇಡದ ಹೃದಯಕ್ಕೆ ನೀವು ಗುಂಡಿ ಒತ್ತಿದರೂ ಕೊಡುವುದಿಲ್ಲ. ಇನ್ನೇನು ಹೆದರಿಕೆ?

ಅದರ ಬಲ ಎಷ್ಟೆಂಬುದು ಗೊತ್ತಾದದ್ದು ಜೂಜಿನ ಅಡ್ಡೆಯಲ್ಲಿ! ಅಮೆರಿಕದ ಕ್ಯಾಸಿನೊಗಳ ಸೆಕ್ಯೂರಿಟಿ ಗಾರ್ಡ್‌ಗಳಿಗೆ ಎಇಡಿ ಕೊಟ್ಟು ತರಬೇತಿ ಮಾಡಿದ್ದರು. 2000ನೇ ಇಸವಿಯಲ್ಲಿ ಫಲಿತಾಂಶ ಬಂತು. ಜನರ ಕಣ್ಣೆದುರೇ ಕುಸಿದು 3 ನಿಮಿಷದೊಳಗೆ ಶಾಕ್ ಸಿಕ್ಕವರಲ್ಲಿ ಶೇ 74 ಮಂದಿ ಬದುಕಿ ಮನೆಗೆ ಹೋದರು. 3 ನಿಮಿಷ ದಾಟಿದವರಲ್ಲಿ ಶೇ 49. ಮಾಡಿದವರು ಡಾಕ್ಟರಲ್ಲ, ನರ್ಸಲ್ಲ, ಬಾಗಿಲು ಕಾಯುವವರು.

ನಮ್ಮಲ್ಲಿ ಆ ಪೆಟ್ಟಿಗೆ ಎಲ್ಲಿರಬೇಕು ಎಂದು ನನ್ನ ಮನಸ್ಸು ಊರೂರು ಅಲೆಯುತ್ತದೆ. ಬೆಳಗಿನಿಂದಲೇ ಗಿಜಿಗುಡುವ ರಾಮನಗರದ ರೇಷ್ಮೆಗೂಡು ಮಾರುಕಟ್ಟೆ. ನಾಲ್ಕೂ ಊರಿನ ಬಸ್ ನಿಲ್ದಾಣ. ಎಕ್ಸ್‌ಪ್ರೆಸ್‌ವೇ ಟೋಲ್. ಮೆಟ್ಟಿಲು ಹತ್ತಿ ಏದುಸಿರು ಬಿಡುವ ರೇವಣಸಿದ್ದೇಶ್ವರ ಬೆಟ್ಟ, ಮಾಗಡಿಯ ಸಾವನದುರ್ಗ. ಕಬ್ಬಾಳಮ್ಮನ ಸನ್ನಿಧಿ, ಕೆಂಗಲ್ ಆಂಜನೇಯನ ಜಾತ್ರೆ, ಜಾನಪದ ಲೋಕ, ಬಿಡದಿಯ ಕಾರ್ಖಾನೆಗಳು. ಮದುವೆ ಛತ್ರಗಳನ್ನಂತೂ ಮರೆಯಬಾರದು. ಪೆಟ್ಟಿಗೆ ಆಫೀಸಿನ ಬೀರುವಿನಲ್ಲಿ ಇದ್ದು ಬೀಗದ ಕೈ ಸಾಹೇಬರ ಜೇಬಿನಲ್ಲಿದ್ದರೆ ಏನೂ ಉಪಯೋಗವಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಇಷ್ಟು ಹೃದಯ ನಿಂತವರ ಮಾತಾಯಿತು. ಇನ್ನೂ ಮಾತಾಡುತ್ತಿರುವವರು, ಎದೆ ಹಿಡಿದುಕೊಂಡು ಕೂತವರು ಇದ್ದಾರಲ್ಲ? ಅವರ ಬಾಯಲ್ಲಿ ನಮ್ಮ ಸೀಮೆಯ ಅತಿ ಅಪಾಯದ ಮಾತು ಬರುತ್ತದೆ: "ಏನಿಲ್ಲ ಕಣಣ್ಣ, ಗ್ಯಾಸ್ಟ್ರಿಕ್ಕು. ಒಂದ್ ಸೋಡಾ ಕುಡಿದ್ರೆ ಸರೋಯ್ತದೆ." ಎದೆಯ ಮಧ್ಯೆ ಭಾರ, ಎಡತೋಳಿಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು ಇದ್ದರೆ ಸೋಡಾ ಅಂಗಡಿ ಬಿಟ್ಟು ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಕೆಲವೊಮ್ಮೆ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ, ವಾಂತಿಯಾಗಿಯೂ ಬರುತ್ತದೆ. ಹತ್ತಿರದ ಆಸ್ಪತ್ರೆ ಎಂದೆ, ಗಮನಿಸಿ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೇ ಹೋಗೋಣ ಎಂದು ತಾಲ್ಲೂಕು ಆಸ್ಪತ್ರೆಯ ಗೇಟಿನ ಮುಂದೆಯೇ ಹಾದುಹೋಗುವವರಿಗೆ ಗೊತ್ತಿಲ್ಲದ ಸಂಗತಿಯೊಂದು ಅಲ್ಲಿದೆ.

2021ರ ಅಕ್ಟೋಬರ್ 29. ಆ ದಿನ ಎಲ್ಲಿದ್ದಿರಿ ಎಂದು ಯಾವ ಕನ್ನಡಿಗರನ್ನು ಕೇಳಿದರೂ ಹೇಳುತ್ತಾರೆ. ನಟ ಪುನೀತ್, ನಮ್ಮ ಅಪ್ಪು, ಹೃದಯ ನಿಂತು ಹೋದಾಗ 46 ವರ್ಷ. ಎರಡು ವರ್ಷದ ಮೇಲೆ, 2023ರ ನವೆಂಬರ್‌ನಲ್ಲಿ, ರಾಜ್ಯ ಸರ್ಕಾರ ಅವರ ಹೆಸರಿನಲ್ಲೇ 'ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆ ಆರಂಭಿಸಿತು. ಏನು ಮಾಡುತ್ತದೆ ನೋಡಿ! ಎದೆನೋವು ಎಂದು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ. ಆ ಗೆರೆಗಳು ಜಾಲದ ಮೂಲಕ ದೂರದ ತಜ್ಞರಿಗೆ ಹೋಗುತ್ತವೆ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ನಾಳ ಪೂರ್ತಿ ಕಟ್ಟಿದೆ ಎಂದಾದರೆ ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿ, ತೂಕ ನೋಡಿ ಒಂದೇ ಸಲಕ್ಕೆ ಕೊಡುವಂಥದ್ದು. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ, ಇಲ್ಲಿ ಉಚಿತ. ಆಮೇಲೆ ಜಯದೇವದಂಥ ದೊಡ್ಡ ಕೇಂದ್ರಕ್ಕೆ ಆಂಬುಲೆನ್ಸಿನಲ್ಲಿ ಕಳಿಸುತ್ತಾರೆ. ನಾಳ ಬೇಗ ತೆರೆದಷ್ಟೂ ಹೃದಯದ ಮಾಂಸ ಉಳಿಯುತ್ತದೆ. ಆ ಮಾಂಸ ಉಳಿದರೆ ಅದುರಿ ನಿಲ್ಲುವ ಅಪಾಯವೂ ತಗ್ಗುತ್ತದೆ. ಸಾರ್ವಜನಿಕ ಜಾಗಗಳಲ್ಲಿ ಎಇಡಿ ಇಡುವುದೂ ಇದೇ ಯೋಜನೆಯ ಭಾಗ.

2025ರ ಜೂನ್, ಜುಲೈನಲ್ಲಿ ಹಾಸನದ ಸಾಲು ಸಾಲು ಹೃದಯಾಘಾತದ ಸಾವುಗಳ ಸುದ್ದಿ ರಾಜ್ಯವನ್ನೇ ನಡುಗಿಸಿತಲ್ಲ, ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಯ ವರದಿಯ ನಂತರ ಹೃದಯ ಜ್ಯೋತಿಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿತು. ಆಗ ಹೆದರಿದ ಜನ ಜಯದೇವದ ಮುಂದೆ ಕಿಲೋಮೀಟರುಗಟ್ಟಲೆ ದೂರದಿಂದ ಬಂದು ಸಾಲು ನಿಂತರು. ತಪಾಸಣೆ ಒಳ್ಳೆಯದೇ. ಆದರೆ ಆ ಸಾಲಿನಲ್ಲಿ ನಿಂತ ಎಷ್ಟು ಜನರಿಗೆ, ಪಕ್ಕದವನು ಕುಸಿದರೆ ಏನು ಮಾಡಬೇಕೆಂದು ಗೊತ್ತಿತ್ತು?

ಇನ್ನೊಂದು ಕಾಕತಾಳೀಯ ನನ್ನನ್ನು ಬಿಟ್ಟೂಬಿಡದೆ ಕಾಡುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಸೇರಿದ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಿಂದ 2024ರಲ್ಲಿ ಗೆದ್ದವರು ಯಾರು? ಡಾ. ಸಿ.ಎನ್. ಮಂಜುನಾಥ್, ಜಯದೇವ ಸಂಸ್ಥೆಯನ್ನು ದೀರ್ಘಕಾಲ ನಡೆಸಿದ ಹೃದ್ರೋಗ ತಜ್ಞ! ಮೊದಲು ಚಿಕಿತ್ಸೆ, ದುಡ್ಡಿನ ಮಾತು ಆಮೇಲೆ ಎಂಬ ಅವರ ನೀತಿಯನ್ನು ಮೆಚ್ಚದವರಿಲ್ಲ. ರಾಜಕೀಯ ನನ್ನ ವಿಷಯವಲ್ಲ. ಹೃದಯದ ಡಾಕ್ಟರೇ ಸಂಸದರಾಗಿರುವ ನಾಲ್ಕು ತಾಲ್ಲೂಕು, ಊರಿಗೆ ಊರೇ ಎದೆ ಒತ್ತಲು ಕಲಿತ ಮೊದಲ ಸೀಮೆ ಆಗಬಾರದೇ ಎಂಬ ಆಸೆ ಮಾತ್ರ ನನ್ನದು.

ಆಗುತ್ತದೆಯೇ? ಆಗಿದೆ! ಆ ಕೋಳಿಯ ದೇಶಕ್ಕೇ ಮತ್ತೆ ಹೋಗೋಣ. 2021ರ ಜೂನ್ 12ರಂದು ಕೋಪನ್‌ಹೇಗನ್ನಿನ ಫುಟ್‌ಬಾಲ್ ಮೈದಾನದಲ್ಲಿ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ ಯಾರೂ ಮುಟ್ಟದೆ ಕುಸಿದದ್ದನ್ನು ಲೋಕವೇ ಟಿವಿಯಲ್ಲಿ ನೋಡಿತು. ಮೈದಾನದಲ್ಲೇ ಎದೆ ಒತ್ತಿದರು, ಅಲ್ಲೇ ಶಾಕ್ ಕೊಟ್ಟರು. ಮರುವರ್ಷ ಆತ ವಿಶ್ವಕಪ್ ಆಡಿದ! ಅದು ಅದೃಷ್ಟ ಎನ್ನಬೇಡಿ. ಡೆನ್ಮಾರ್ಕ್ 2005ರಿಂದ ಶಾಲೆಯಲ್ಲಿ, 2006ರಿಂದ ಡ್ರೈವಿಂಗ್ ಲೈಸೆನ್ಸಿಗೆ ಈ ತರಬೇತಿಯನ್ನು ಕಡ್ಡಾಯ ಮಾಡಿತ್ತು. 2001ರಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಸುಮಾರು ಶೇ 21 ಮಂದಿಗೆ ಮಾತ್ರ ಅಲ್ಲಿದ್ದವರು ಎದೆ ಒತ್ತುತ್ತಿದ್ದರು. 2010ರ ಹೊತ್ತಿಗೆ ಸುಮಾರು ಶೇ 45. ಒಂದು ತಿಂಗಳ ನಂತರವೂ ಬದುಕಿದ್ದವರು ಶೇ 3.5ರಿಂದ ಶೇ 10.8ಕ್ಕೆ ಏರಿದರು. ಮೂರು ಪಟ್ಟು! ಈ ಏರಿಕೆಯಲ್ಲಿ ಆಂಬುಲೆನ್ಸ್, ಆಸ್ಪತ್ರೆಗಳ ಸುಧಾರಣೆಯ ಪಾಲೂ ಇದೆ, ಒಪ್ಪಿದೆ. ಆದರೆ ಆಂಬುಲೆನ್ಸ್ ಬರುವ ಹೊತ್ತಿಗೆ ಜೀವ ಉಳಿದಿದ್ದರೆ ತಾನೇ ಆಸ್ಪತ್ರೆಗೆ ಕೆಲಸ?

ನಮ್ಮ 108 ಬಂದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ. ನೆರವಿಗೆ ಬಂದವರಿಗೆ ಕಾನೂನಿನ ರಕ್ಷಣೆಯೂ ಇದೆ: ತುರ್ತು ಹೊತ್ತಿನಲ್ಲಿ ಸಹಾಯ ಮಾಡಿದವರನ್ನು ಕಾಪಾಡಲೆಂದೇ ಕರ್ನಾಟಕ 2016ರ ಕಾಯ್ದೆ ಮಾಡಿಕೊಂಡಿದೆ. ಪೊಲೀಸು, ಕೋರ್ಟು ಎಂದು ಹಿಂದೆ ಸರಿಯಬೇಕಿಲ್ಲ. ಇರುವ ಅಡ್ಡಿ ನಮ್ಮೊಳಗಿನದು. ಬಿದ್ದವರು ಹೆಂಗಸಾದರೆ ಮುಟ್ಟಲು ಕೈ ಹಿಂಜರಿಯುತ್ತದೆ. ಇದು ನಮ್ಮ ಹಳ್ಳಿಯದ್ದಷ್ಟೇ ಅಲ್ಲ. ಅಮೆರಿಕದಲ್ಲೂ ಬೀದಿಯಲ್ಲಿ ಬಿದ್ದ ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಸಲ ಎದೆ ಒತ್ತುತ್ತಾರೆ ಎಂದು ಅಧ್ಯಯನಗಳು ಕಂಡುಕೊಂಡಿವೆ. ಅದಕ್ಕೇ ಸ್ತ್ರೀಶಕ್ತಿ ಸಂಘಗಳ ಅಕ್ಕಂದಿರು, ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರು ಮೊದಲು ಕಲಿಯಬೇಕು. ಬಹಳಷ್ಟು ಹೃದಯಗಳು ನಿಲ್ಲುವುದು ಮನೆಯೊಳಗೇ. ಒತ್ತಬೇಕಾದ ಕೈ ಹೆಂಡತಿಯದೋ ಸೊಸೆಯದೋ ಹೈಸ್ಕೂಲಿನ ಮೊಮ್ಮಗನದೋ ಆಗಿರುತ್ತದೆ.

ನಾಲ್ಕು ತಾಲ್ಲೂಕಿನ ಓದುಗರಲ್ಲಿ ನನ್ನ ಬೇಡಿಕೆ ಇಷ್ಟೇ. ಈ ವಾರ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ, ರಾತ್ರಿ ಎರಡು ಗಂಟೆಗೂ ಇಸಿಜಿ ತೆಗೆಯುತ್ತೀರಾ, ಹೃದಯ ಜ್ಯೋತಿಯ ಚುಚ್ಚುಮದ್ದು ದಾಸ್ತಾನು ಇದೆಯೇ ಎಂದು ಕೇಳಿ. ಪಂಚಾಯಿತಿ ಸಭೆಯಲ್ಲಿ, ಹಾಲಿನ ಡೇರಿಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಒಂದು ಗಂಟೆಯ ತರಬೇತಿ ಇಡಿಸಿ. ಆರ್‌ಟಿಒ ಕಚೇರಿಯಲ್ಲಿ ಲೈಸೆನ್ಸಿಗೆ ಎಂಟು ಹಾಕಿಸುವ ಸರ್ಕಾರ, ಎರಡು ನಿಮಿಷ ಎದೆ ಒತ್ತಿಸಿಯೂ ನೋಡಲಿ ಎಂದು ನಿಮ್ಮ ಶಾಸಕರಿಗೆ, ಸಂಸದರಿಗೆ ಬರೆಯಿರಿ. ಮತ್ತೆ ಇವತ್ತು ರಾತ್ರಿ ಊಟಕ್ಕೆ ಮುಂಚೆ ಮನೆಯವರನ್ನೆಲ್ಲ ಕೂರಿಸಿಕೊಂಡು, ನೆಲದ ಮೇಲೆ ಗಟ್ಟಿ ದಿಂಬಿಟ್ಟು, ಗಡಿಯಾರ ನೋಡಿಕೊಂಡು ನಿಮಿಷಕ್ಕೆ ನೂರಕ್ಕೆ ಕಡಿಮೆಯಾಗದಂತೆ ಒಬ್ಬೊಬ್ಬರಾಗಿ ಒತ್ತಿ ನೋಡಿ.